ಎರಡನೇ ರಿಮೋಟ್

ಎರಡನೇ ರಿಮೋಟಿನ ವಾಯರನ್ನು ಯಾರೋ ಎಡಕ್ಕೆ ಸುತ್ತಿಟ್ಟಿದ್ದರು.

ಶಶಿಕಾಂತ ಪಡಸಾಲೆಯ ಚಾಪೆಯ ಮೇಲೆ ರಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತಿದ್ದ. ರವಿವಾರ ನಾಷ್ಟಾ ಮುಗಿಸಿ ಒಂದು ತಾಸು ಟಿವಿ ಗೇಮ್ ಆಡುವುದು ಅವನ ಪದ್ಧತಿ. ಮದುವೆಗೆ ಮುಂಚೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಚೌಕಾಸಿ ಮಾಡಿ ತಂದ ಮಷೀನು ಅದು. ಕ್ಯಾಸೆಟ್ ತುರುಕಬೇಕು, ಆಟ ಹತ್ತದಿದ್ದರೆ ತೆಗೆದು, ಬಾಯಿಂದ ಊದಿ, ಮತ್ತೆ ತುರುಕಬೇಕು. ಆಟ ಮುಗಿದ ಮೇಲೆ ವಾಯರುಗಳನ್ನು ಬಲಕ್ಕೆ ಸುತ್ತಿ, ಎರಡನೇ ರಿಮೋಟನ್ನು ಕೆಳಗೆ, ಒಂದನೆಯದನ್ನು ಮೇಲೆ ಇಡುತ್ತಿದ್ದ. ಎರಡನೆಯದನ್ನು ಮುಟ್ಟುವವರೇ ಇರಲಿಲ್ಲ. ಗೆಳೆಯ ಮುತ್ತು ಆಡಲು ಬರುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

ಬರುವುದನ್ನು ಬಿಟ್ಟ ಎನ್ನುವುದಕ್ಕಿಂತ ಶಶಿಕಾಂತನೇ ಬಿಡಿಸಿದ್ದ. ಇಬ್ಬರು ಸಿಪಾಯಿಗಳು ಜೊತೆಯಾಗಿ ಹಾರುತ್ತ, ಗುಂಡು ಹೊಡೆಯುತ್ತ ಹೋಗುವ ಆಟದಲ್ಲಿ ಮುತ್ತು ತನ್ನ ಲೈಫುಗಳನ್ನೆಲ್ಲ ಲಗೂನೆ ಕಳೆದುಕೊಂಡು, ಕೆಂಪು ಗುಂಡಿ ಒತ್ತಿ ಶಶಿಕಾಂತನ ಲೈಫು ಕಸಿದುಕೊಳ್ಳುತ್ತಿದ್ದ. ಕೇಳಿದರೆ, "ಆಟದಾಗ ಹಂಗ ಐತಿ, ನಾ ಏನ ಮಾಡ್ಲಿ?" ಎನ್ನುತ್ತಿದ್ದ. ಮನುಷ್ಯನ ಗುಣ ತಿಳಿಯಬೇಕೆಂದರೆ ಅವನ ಕೈಗೆ ಎರಡನೇ ರಿಮೋಟ್ ಕೊಟ್ಟು ನೋಡಬೇಕು ಎಂದು ಶಶಿಕಾಂತ ಅಂದೇ ತೀರ್ಮಾನಿಸಿದ್ದ.

ಈಗ ಆ ಕೆಂಪು ಗುಂಡಿಯ ಮೇಲೆ ಬಿಳಿಯದೇನೋ ಹತ್ತಿತ್ತು. ಬೆರಳಿನಿಂದ ಮುಟ್ಟಿದ, ನುಣ್ಣಗಿತ್ತು. ಪೌಡರು! ಮೂಸಿ ನೋಡಿದರೆ ವಾಸನೆ ಬರಲಿಲ್ಲ. ವಾಸನೆ ಹಾರಿ ಹೋಗಿರಬೇಕು ಎಂದುಕೊಂಡ. ಸಂಶಯ ಪಡುವವನಿಗೆ ಸಾಕ್ಷಿಯೂ ಬೇಕು, ಸಾಕ್ಷಿ ಸರಿಹೊಂದದಿದ್ದರೆ ಅದಕ್ಕೊಂದು ಕಾರಣವೂ ಬೇಕು.

"ವಿದ್ಯಾ, ಈ ಡಬ್ಬಿ ಯಾರ ಮುಟ್ಟ್ಯಾರ?"

ಅಡುಗೆಮನೆಯ ಬಾಗಿಲಿಗೆ ಬಂದ ಹೆಂಡತಿ ಡಬ್ಬಿಯನ್ನು ನೋಡಲಿಲ್ಲ, ಗೋಡೆಯನ್ನು ನೋಡಿದಳು. "ಯಾರ ಮುಟ್ಟತಾರ್ರಿ? ಧೂಳ ಹೊಡಿಯೂ ಮುಂದ ಸರಿಸಿರಬೇಕು."

ಒಳಕೋಣೆಯಲ್ಲಿ ಅವನ ಅಪ್ಪ ಉಳವಪ್ಪ ಕೆಮ್ಮಿದ. ವಿದ್ಯಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಸರಿದಳು.

ಆ ಮನೆಯ ರೀತಿ ಹಾಗೇ ಇತ್ತು. ಉಪ್ಪಿನಬೆಟಗೇರಿಯ ಹಳ್ಳಿಯಿಂದ ಧಾರವಾಡದ ಕೆಲಗೇರಿಗೆ ಬಂದು ನೆಲೆಸಿದರೂ ಉಳವಪ್ಪ ಊರ ನಡವಳಿಕೆ ಬಿಟ್ಟವನಲ್ಲ. ಮಾವನ ಎದುರು ಸೊಸೆ ಕೂರುವುದಿಲ್ಲ, ನೇರ ಮಾತಾಡುವುದಿಲ್ಲ. ಅತ್ತೆ ರೇಣವ್ವ ಬದುಕಿದ್ದಾಗ ಇಬ್ಬರ ಮಾತನ್ನೂ ಅವಳೇ ಅತ್ತಿಂದಿತ್ತ ಮುಟ್ಟಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ವಿದ್ಯಾ ತಾಟನ್ನು ನೆಲದ ಮೇಲೆ ಸದ್ದು ಮಾಡಿ ಇಡುವಳು, ಮಾವ ಊಟಕ್ಕೆ ಬರುವನು. ಉಂಡು ಟಾವೆಲ್ ಹೆಗಲಿಗೆ ಹಾಕಿಕೊಂಡು, "ಗುಡಿ ಕಟ್ಟಿಗೆ ಹೋಗಿ ಬರ್ತೀನಿ" ಎಂದು ಬಾಗಿಲಿಗೆ ಹೇಳಿದಂತೆ ಹೇಳಿ ಬಸವಣ್ಣನ ಗುಡಿ ಕಡೆ ನಡೆಯುವನು. ಅಂದರೆ ಮಧ್ಯಾಹ್ನ ಮನೆಯಲ್ಲಿ ವಿದ್ಯಾ ಒಬ್ಬಳೇ. ಶಶಿಕಾಂತ ಊರಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಪಂಪಿನ ಕಾರ್ಖಾನೆಯಲ್ಲಿ. ಆಟವಾಡಲು ಎರಡನೇ ರಿಮೋಟ್ ಬೇಕೆಂದರೆ ಎರಡನೇ ಮನುಷ್ಯ ಬೇಕು. ತಲೆಗೆ ಹುಳ ಹೊಕ್ಕಿತು.

ಮರುದಿನ ಸಂಜೆ ಅವನು ನೇರ ಮುತ್ತುವಿನ ಅಂಗಡಿಗೆ ಹೋದ. ಮುತ್ತು ಈಗ ಧಾರವಾಡದ ಪೇಟೆಯಲ್ಲಿ ಗೇಮುಗಳ ಅಂಗಡಿ ಇಟ್ಟಿದ್ದ. ಕುತ್ತಿಗೆಯ ತುಂಬ ಪೌಡರು ಬಳಿದುಕೊಂಡು ಕೌಂಟರಿನ ಹಿಂದೆ ಕುಳಿತಿದ್ದ. ಶಶಿಕಾಂತನ ಕಣ್ಣು ಮೊದಲು ಹೋದದ್ದು ಆ ಕುತ್ತಿಗೆಗೇ.

"ಬಾರೋ ಶಶ್ಯಾ! ವೈನಿ ಆರಾಮ ಅದಾರ?"

ಬಂದ ತಕ್ಷಣ ಗೆಳೆಯನ ಹೆಂಡತಿಯ ವಿಚಾರಣೆ ಯಾಕೋ?

ಮುತ್ತು ಹೊಸ ಮಷೀನು ಹಚ್ಚಿ ತೋರಿಸಿದ. ಕ್ಯಾಸೆಟ್ ಇಲ್ಲ, ಸಿಡಿ. ಟಿವಿಯಲ್ಲಿ ಮನುಷ್ಯನ ಹುಬ್ಬು ಕಾಣುತ್ತಿತ್ತು, ಹಣೆಯ ಬೆವರು ಕಾಣುತ್ತಿತ್ತು. ಆದರೆ ಆ ಮನುಷ್ಯ ಆಟ ಶುರುವಾಗುವ ಮೊದಲು ಮಾತಾಡಿದ, ನಡೆದ, ಇನ್ನೊಬ್ಬನ ಜೊತೆ ಮತ್ತೆ ಮಾತಾಡಿದ. "ಇವ ಆಡಾಕ ಬಿಡ್ತಾನೋ, ಭಾಷಣಾನ ಮಾಡ್ತಾನೋ?" ಎಂದ ಶಶಿಕಾಂತ. ಕೊನೆಗೊಮ್ಮೆ ಆಟ ಕೈಗೆ ಬಂತು. ಎರಡು ಹೆಜ್ಜೆ ನಡೆಯುವಷ್ಟರಲ್ಲಿ ನೋಟವೆಲ್ಲ ಗಿರ್ರನೆ ತಿರುಗಿ ಗೋಡೆಯೊಂದೇ ಉಳಿಯಿತು, ಹಿಂದಿನಿಂದ ಯಾರೋ ಹೊಡೆದರು, ಅವನು ಸತ್ತ. ಸತ್ತವನು ಸತ್ತ ಜಾಗದಲ್ಲೇ ಎದ್ದು ನಿಂತ.

"ಹೆಂಗೈತಿ? ಸತ್ತರೂ ಮೊದಲಿನಿಂದ ಆಡೂದಿಲ್ಲ. ಎಲ್ಲಿ ಬಿಟ್ಟಿಯೋ ಅಲ್ಲಿಂದನ."

"ಅಲ್ಲಲೇ, ಸತ್ತಲ್ಲೇ ಏಳೂದಾದ್ರ ಸಾಯಾಕ ಹೆದರಿಕಿ ಯಾಕ? ನಮ್ಮ ಹಳೇದು ಖರೇ ಆಟ. ತಪ್ಪಿದ್ರ ತಪ್ಪಿತು."

"ನೀ ಹಳೇ ಕಾಲದಾಂವ. ಆ ಡಬ್ಬಿ ನನಗ ಕೊಡು, ಇದನ್ನ ಒಯ್ಯಿ. ಗೆಳ್ಯಾ ಅಂತ ಅದಲಾಬದಲಿ ಮಾಡ್ತೀನಿ. ಎರಡನೇ ರಿಮೋಟ್ ಮಾತ್ರ ಇದರ ಜೋಡಿ ಬರಂಗಿಲ್ಲ."

ಹಳೆಯ ಡಬ್ಬಿಯ ಮೇಲೆ ಇವನಿಗೇಕೆ ಇಷ್ಟು ಕಣ್ಣು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೊಸ ಆಟ ಶಶಿಕಾಂತನಿಗೆ ಎಳ್ಳಷ್ಟೂ ಸೇರಿರಲಿಲ್ಲ. ಆದರೂ, "ಬರೂ ರವಿವಾರ ತರ್ತೀನಿ" ಎಂದ. ಈ ಸುದ್ದಿ ಹೇಳಿದರೆ ವಿದ್ಯಾಳ ಮುಖ ಏನಾಗುತ್ತದೆ ನೋಡಬೇಕಿತ್ತು.

ರಾತ್ರಿ ಊಟಕ್ಕೆ ಕುಳಿತಾಗ, ರವಿವಾರ ಹಳೆಯದು ಹೋಗಿ ಒಬ್ಬರೇ ಆಡುವ ಹೊಸ ಮಷೀನು ಬರುತ್ತದೆ ಎಂದು ಹೇಳಿಯೇಬಿಟ್ಟ. ವಿದ್ಯಾ ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು.

"ಹಳೇದು ಇರ್ಲಿ ಬಿಡ್ರಿ. ಛಲೋ ನಡ್ಯಾಕತ್ತೈತೆಲ್ಲ."

"ನಡ್ಯಾಕತ್ತೈತಿ ಅಂತ ನಿನಗ ಯಾರ ಹೇಳಿದ್ರು? ನೀ ಯಾವಾಗ ನೋಡಿದಿ?"

ಅವಳು ಸೌಟನ್ನು ಪಾತ್ರೆಗೆ ಇಳಿಸಿದಳು. ಉಳವಪ್ಪ ಅನ್ನ ಕಲಸುತ್ತಿದ್ದವನು ಕಲಸುತ್ತಲೇ ಇದ್ದ, ಮಗನ ಕಡೆ ಮುಖ ಎತ್ತಲಿಲ್ಲ. ಅಪ್ಪ ಎದ್ದು ಹೋದ ಮೇಲೆ ಶಶಿಕಾಂತನಿಗೆ ತಡೆಯಲಾಗಲಿಲ್ಲ.

"ಮಧ್ಯಾನ್ನ ಮನಿಗೆ ಯಾರ ಬರ್ತಾರ, ವಿದ್ಯಾ?"

ಅವಳ ಕಣ್ಣು ತುಂಬಿ ಬಂತು. ಒಳಕೋಣೆಯ ಕಡೆ ಒಮ್ಮೆ ನೋಡಿ, ತಾಟುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಇಲ್ಲ ಎನ್ನಲಿಲ್ಲ. ಇಲ್ಲ ಎನ್ನಬಾರದಿತ್ತೇ? ಆ ಒಂದು ಮಾತಿಗಾಗಿ ಶಶಿಕಾಂತ ಹಾಸಿಗೆಯಲ್ಲಿ ಹೊರಳಾಡಿದ. ಮದುವೆಯಾದಂದಿನಿಂದ ಅವಳು ಅವನಿಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಹೇಳಿದ್ದರೂ ಅವನಿಗೆ ಗೊತ್ತಾಗಿರಲಿಲ್ಲ. ಈ ಎರಡರ ನಡುವೆ ಅವನ ನಿದ್ದೆ ಹೋಯಿತು. ಅವಳನ್ನು ಬಿಟ್ಟು ತಾನು ಹೇಗೆ ಇರುವುದು ಎಂಬುದನ್ನೂ ಯೋಚಿಸಿ ನೋಡಿದ, ಎದ್ದು ಕುಳಿತ.

ಇಷ್ಟು ಸಾಲದೆಂದು ಬೆಳಿಗ್ಗೆ ಪಕ್ಕದ ಮನೆಯ ಶರಣವ್ವ ಕಾರ್ಖಾನೆಗೆ ಹೊರಟಿದ್ದ ಅವನ ಬೈಕಿಗೆ ಅಡ್ಡ ಬಂದಳು. ಓಣಿಯ ಸುದ್ದಿಯೆಲ್ಲ ಅವಳ ಕಟ್ಟೆಯ ಮೇಲೆ ಕುಳಿತು ಹೋಗಬೇಕು.

"ಏ ತಮ್ಮಾ, ಹೇಳಬಾರ್ದು ಅಂತಿದ್ದೆ. ಮಧ್ಯಾನ್ನ ನಿಮ್ಮ ಮನ್ಯಾಗ ಭಾಳ ನಗಿ ಕೇಳ್ತೈತೆಪಾ. ಗಂಡಸರ ನಗಿ."

"ಯಾರದು?"

"ನನಗೇನ ಗೊತ್ತ? ನಾ ಮಂದಿ ಮನಿ ಕಡೆ ಕಣ್ಣ ಹಾಯಿಸಾಕಿ ಅಲ್ಲ."

ಕಾರ್ಖಾನೆಯಲ್ಲಿ ಅಂದು ನಟ್ಟು ಬಿಗಿಯುವಾಗ ಅವನ ಕೈಯಿಂದ ಜಾರದ ಪಾನಾ ಉಳಿಯಲಿಲ್ಲ. ಮಧ್ಯಾಹ್ನ ಹೊಟ್ಟೆನೋವು ಎಂದು ಸಾಹೇಬರಿಗೆ ಸುಳ್ಳು ಹೇಳಿ ಗಾಡಿ ಹತ್ತಿದ. ಮುತ್ತು ಸಿಕ್ಕಿಬಿದ್ದರೆ ಏನು ಅನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ. "ಲೈಫ್ ಕಸ್ಕೊಂಡಿ, ಸಾಲಲಿಲ್ಲೇನ?" ಎಂಬ ಮಾತು ಹೊಳೆದಾಗ ಅವನಿಗೇ ಅಳು ಬಂದಂತಾಯಿತು.

ಬಸವಣ್ಣನ ಗುಡಿಯ ಮುಂದೆ ನಿಲ್ಲಿಸಿದ. ಅಪ್ಪನನ್ನು ಜೊತೆಗೆ ಕರೆದೊಯ್ಯಬೇಕು, ಹಿರಿಯರೊಬ್ಬರು ಇರಬೇಕು ಎಂದು ಅವನ ಲೆಕ್ಕ. ಕಟ್ಟೆಯ ಮೇಲೆ ಚೌಕಾಬಾರಾ ಆಡುತ್ತಿದ್ದ ಮುದುಕರಲ್ಲಿ ಒಬ್ಬ ತಲೆ ಎತ್ತಿದ.

"ಉಳವಪ್ಪನ? ಅಂವ ಇಲ್ಲಿ ಬರೂದ ಬಿಟ್ಟು ಮಳಿಗಾಲ ಕಳೀತು. ನಮ್ಮ ಆಟ ಸಪ್ಪಗ ಅಂತಪಾ ಅವಂಗ."

ಶಶಿಕಾಂತನಿಗೆ ಒಂದೂ ತಿಳಿಯದಾಯಿತು. ಮನೆಯ ಎಲ್ಲರೂ ತನಗೆ ಸುಳ್ಳು ಹೇಳುತ್ತಿದ್ದಾರೆಯೇ? ಓಣಿಯ ತಿರುವಿನಲ್ಲಿ ಇಂಜಿನ್ ಬಂದ್ ಮಾಡಿ, ಗಾಡಿಯನ್ನು ಕಳ್ಳನಂತೆ ನೂಕಿಕೊಂಡು ಬಂದ. ಬಾಗಿಲಿಗೆ ಒಳಚಿಲಕ. ಒಳಗಿನಿಂದ ಗುಂಡಿನ ಸಪ್ಪಳ, ಅದರ ನಡುವೆ ಗಂಡಸಿನ ನಗು. ಪಕ್ಕದ ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು. ಬಗ್ಗಿ ನೋಡಿದ.

ಚಾಪೆಯ ಒಂದು ತುದಿಗೆ ವಿದ್ಯಾ, ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದನೇ ರಿಮೋಟ್. ಇನ್ನೊಂದು ತುದಿಗೆ ಉಳವಪ್ಪ. ಧೋತರವನ್ನು ಮೊಣಕಾಲಿಗೆ ಏರಿಸಿಕೊಂಡು, ಎರಡನೇ ರಿಮೋಟನ್ನು ನೇಗಿಲ ಮೇಣಿಯಂತೆ ಬಿಗಿಯಾಗಿ ಹಿಡಿದು ಕುಳಿತಿದ್ದ. ಇಬ್ಬರ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಟಿವಿಯನ್ನೇ ನೋಡುತ್ತಿದ್ದರು.

"ಮಾವಾರ, ಹಾರ್ರಿ! ಈಗ ಹಾರ್ರಿ!"

"ಹಾರೇನಿ ತಡಿ ಯವ್ವಾ... ಹೋತ ನೋಡು! ಬಿದ್ದೆ." ಉಳವಪ್ಪ ಸೋತದ್ದಕ್ಕೇ ಗಹಗಹಿಸಿ ನಕ್ಕ. ಹಣೆಯ ಬೆವರನ್ನು ಹೆಬ್ಬೆರಳಿನಿಂದ ಒರೆಸಿಕೊಂಡ. ವಿಭೂತಿ ಬೆರಳಿಗೆ ಹತ್ತಿತು.

"ನಂದೊಂದು ಲೈಫ್ ತಗೋರಿ. ಕೆಂಪು ಗುಂಡಿ ಒತ್ರಿ."

"ಬ್ಯಾಡವ್ವಾ. ನಿನಗ ಒಂದ ಉಳದೈತಿ."

"ತಗೋರಿ ಅಂದ್ರ! ಒಬ್ಬಾಕಿನ ಹೋಗಿ ಏನ ಮಾಡ್ಲಿ?"

ಉಳವಪ್ಪ ಹೆಬ್ಬೆರಳಿನಿಂದ ಕೆಂಪು ಗುಂಡಿ ಒತ್ತಿದ. ಎರಡನೇ ಸಿಪಾಯಿ ಮೇಲಿನಿಂದ ಇಳಿದು ಬಂದ. ಇಬ್ಬರು ಸಿಪಾಯಿಗಳೂ ಜೊತೆಯಾಗಿ ಮುಂದೆ ಹೊರಟರು. ಆಮೇಲೆ ಉಳವಪ್ಪ ಕೇಳಿದ:

"ಆ ಹೊಸಾದು ರವಿವಾರನ ತರ್ತಾನೇನು? ಅದರಾಗ ಒಬ್ಬರ ಆಡೂದಂತ?"

"ಹೂನ್ರಿ."

"ನಾ ಹೇಳಲೇನ ಅವಂಗ, ಬ್ಯಾಡ ಅಂತ?"

"ಬ್ಯಾಡ್ರಿ. ನೀವು ಹೇಳಿದ್ರ ಎಲ್ಲಾ ತಿಳೀತೈತಿ. ಮಾವ-ಸೊಸಿ ಒಂದ ಚಾಪಿ ಮ್ಯಾಲ ಕುಂತಾರ ಅಂತ ಓಣ್ಯಾಗ ನಿಮ್ಮನ್ನ ಆಡ್ಕೋತಾರ."

"ಅಂವ ನಿನಗ ಅಂದದ್ದು ಕೇಳಿಸ್ಕೊಂಡೇನಿ, ಯವ್ವಾ. ರಾತ್ರೆಲ್ಲಾ ನಿದ್ದಿ ಬರಲಿಲ್ಲ."

"ನನಗ ಅನ್ಲಿ ಬಿಡ್ರಿ. ಗುಂಡ ಬಂತು, ಹಾರ್ರಿ!"

ಶಶಿಕಾಂತನ ಕೈ ಬಾಗಿಲ ಕಡೆ ಹೋಗಿತ್ತು. ಬಡಿದಿದ್ದರೆ ಅವಳು ಎದ್ದು ಒಳಗೆ ಸರಿಯುವಳು. ಅಪ್ಪ ಟಾವೆಲ್ ಹೆಗಲಿಗೆ ಹಾಕಿಕೊಂಡು ಕಟ್ಟೆಗೆ ಹೋಗುವನು, ಮತ್ತೆಂದೂ ಆ ಚಾಪೆಯ ಮೇಲೆ ಕೂರುವುದಿಲ್ಲ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಹೊಟ್ಟೆಕಿಚ್ಚೂ ಆಯಿತು. ಅಪ್ಪ ತನ್ನೊಡನೆ ಮನೆಪಟ್ಟಿ ಕಟ್ಟುವುದು, ಸಿಲಿಂಡರು ತರುವುದು ಬಿಟ್ಟು ಬೇರೆ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. ಅವ್ವ ಹೋದ ಮೇಲೆ ಈ ನಗುವನ್ನಂತೂ ಕೇಳಿಯೇ ಇರಲಿಲ್ಲ.

ಹಿಂದೆ ಬಳೆಯ ಸದ್ದಾಯಿತು. ಶರಣವ್ವ ಗೋಡೆಯ ಮೇಲಿಂದ ಕುತ್ತಿಗೆ ಚಾಚಿದ್ದಳು. "ಸಿಕ್ಕಾನೇನೋ ತಮ್ಮಾ?" ಎಂದು ಪಿಸುಗುಟ್ಟಿದಳು.

"ಟಿವಿ ಐತೆವ್ವಾ," ಎಂದ ಶಶಿಕಾಂತ. "ಸೀರಿಯಲ್‌ನಾಗ ನಗಾಕತ್ತಾರ."

"ಗುಂಡಿನ ಸಪ್ಪಳ ಬರ್ತೈತೆಲ್ಲ?"

"ಸೀರಿಯಲ್‌ನಾಗ ಪೊಲೀಸರು ಬಂದಾರ."

ಶರಣವ್ವ ನಂಬಲಿಲ್ಲ, ಆದರೆ ಕುತ್ತಿಗೆ ಕೆಳಗಿಳಿಸಿದಳು. ಅವನು ಗಾಡಿಯನ್ನು ಮತ್ತೆ ತಿರುವಿನ ತನಕ ನೂಕಿಕೊಂಡು ಹೋದ. ಅಲ್ಲಿ ಕಿಕ್ ಹೊಡೆದು, ಇಂಜಿನನ್ನು ಸುಮ್ಮನೆ ಗುರುಗುಡಿಸಿ, ಉದ್ದಕ್ಕೆ ಹಾರ್ನ್ ಒತ್ತುತ್ತ ಮನೆಗೆ ಬಂದ.

ಬಾಗಿಲು ತೆರೆದಿತ್ತು. ಚಾಪೆ ಮೂಲೆಯಲ್ಲಿ, ಡಬ್ಬಿ ಕಪಾಟಿನಲ್ಲಿ. ಉಳವಪ್ಪ ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದ.

"ಲಗೂ ಬಂದ್ರಿ?" ವಿದ್ಯಾ ಚಹಾ ತಂದಿಟ್ಟಳು. ಅವಳ ಉಸಿರು ಇನ್ನೂ ಮೇಲಕ್ಕಿತ್ತು. "ಹಾರ್ನ್ ಯಾಕ ಅಷ್ಟು ಬಡದ್ರಿ?"

"ಓಣ್ಯಾಗ ನಾಯಿ ಭಾಳ ಆಗ್ಯಾವ." ಅವನು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು, ಹಿತ್ತಲಿಗೆ ಕೇಳುವಂತೆ ದನಿ ಏರಿಸಿದ. "ಆ ಹೊಸ ಮಷೀನು ಬ್ಯಾಡ ಅಂತ ಮುತ್ತೂಗ ಹೇಳ್ತೀನಿ. ಎರಡನೇ ರಿಮೋಟ್ ಇಲ್ಲದ್ದು ಅದೆಂಥಾ ಆಟ?"

ಹಿತ್ತಲಲ್ಲಿ ನೀರಿನ ಸದ್ದು ನಿಂತಿತು. ವಿದ್ಯಾ ಅವನನ್ನೇ ನೋಡಿದಳು. ಗೋಡೆಯನ್ನಲ್ಲ, ಅವನನ್ನೇ.

"ವಿದ್ಯಾ, ನಿನ್ನೆ ರಾತ್ರಿ ನಾ ಅಂದದ್ದು..."

"ಚಾ ಆರ್ತೈತಿ, ಕುಡೀರಿ," ಎಂದಳು. ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಶನಿವಾರ ಕಾರ್ಖಾನೆ ಅರ್ಧ ದಿನ. ಶಶಿಕಾಂತ ಓಣಿಯ ತಿರುವಿಗೆ ಬಂದು ಗಾಡಿ ನಿಲ್ಲಿಸಿ ಹಾರ್ನ್ ಒತ್ತಿದ. ಶರಣವ್ವ ಕಟ್ಟೆಯ ಮೇಲಿಂದಲೇ, "ಯಾರ ಸತ್ತಾರೋ, ಹಂಗ್ಯಾಕ ಬಡಕೋತಿ?" ಎಂದು ಬೈದಳು. ಅವನು ಕಾದ. ಮನೆಯ ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಒತ್ತಬೇಕೆಂದು ಗುಂಡಿಯ ಮೇಲೆ ಹೆಬ್ಬೆರಳು ಇಟ್ಟ. ಅಷ್ಟರಲ್ಲಿ ಕಿಟಕಿಯಿಂದ ಅಪ್ಪನ ದನಿ ಕೇಳಿತು. "ನಿಲ್ಲವ್ವಾ, ನಿಲ್ಲು! ನಾ ಇನ್ನೂ ಕೆಳಗ ಅದೇನಿ!"

"ನಿಂತೇನ್ರಿ ಮಾವಾರ, ಸಾವಕಾಶ ಬರ್ರಿ."

ಶಶಿಕಾಂತ ಹೆಬ್ಬೆರಳು ತೆಗೆದ. ಗಾಡಿಯನ್ನು ಸದ್ದಿಲ್ಲದೆ ತಿರುಗಿಸಿ, ಕೆರೆ ಕಡೆಯ ಚಹಾದಂಗಡಿಯ ತನಕ ನೂಕಿಕೊಂಡೇ ಹೋದ.