ಹಕ್ಕಿಯ ಗಂಟಲಲ್ಲಿ ಕಿತ್ತಳೆ ದಾರ

ಉತ್ತರದ ಹಿಮನಾಡಿನ ಆ ಊರಲ್ಲಿ ಹುಳಿ ಬರಿಸಿದ ಹಕ್ಕಿಯ ತಿನಿಸು ಕಿವಿಯಾಕ್ ಅಂದರೆ ಪಾಡ್ಲೊ ಮನೆಯದೇ. ಯಾರ ಬಾಯಲ್ಲಿ ಕೇಳಿದರೂ ಅದೇ ಮಾತು. ಅದನ್ನು ಕೇಳಿದಾಗಲೆಲ್ಲ ಅವಳ ವಾರಗಿತ್ತಿ ತುಕುಮೆಗೆ ಮೈಯೆಲ್ಲ ಉರಿ. ತಾನೂ ಅದೇ ಬಂಡೆಯ ಮೇಲೆ ನಿಂತು ಬಲೆ ಬೀಸಿ ಪುಟಾಣಿ ಕಡಲಹಕ್ಕಿ ಹಿಡಿಯುವುದಿಲ್ಲವೇ? ಇಡಿ ಇಡೀ ಹಕ್ಕಿಗಳನ್ನು ಸೀಲ್ ಚರ್ಮದ ಚೀಲಕ್ಕೆ ತುಂಬಿ, ಹೊಲಿದು, ಕಲ್ಲಿನಡಿ ಇಟ್ಟು ಹುಳಿ ಬರಿಸುವುದಿಲ್ಲವೇ?

ಪಾಡ್ಲೊಳನ್ನು ಹಿಂದೆ ಹಾಕಲೆಂದೇ ನಾಯಿಗಳು ಎಳೆಯುವ ತನ್ನ ಹಿಮಗಾಡಿಗೆ ಊರಲ್ಲಿ ಯಾರಲ್ಲೂ ಇಲ್ಲದ ಕಿತ್ತಳೆ ಬಣ್ಣದ ನೈಲಾನ್ ಹಗ್ಗ ತರಿಸಿದ್ದಳು. ಯಾರೂ ತಿರುಗಿ ನೋಡಿರಲಿಲ್ಲ.

ಈ ಚಳಿಗಾಲ ಮಗಳ ಮದುವೆ. ತುಕುಮೆ ಚೀಲ ಬಿಚ್ಚಿದಳು. ಆ ಘಾಟಿಗೇ ನೆಂಟರ ಬಾಯಲ್ಲಿ ನೀರೂರಿತು. ಮೊದಲ ಹಕ್ಕಿಯನ್ನು ಬೇಕೆಂದೇ ಪಾಡ್ಲೊ ಕೈಗಿಟ್ಟಳು. ಪಾಡ್ಲೊ ಕಚ್ಚಿದಳು, ಅಗಿಯುವುದು ನಿಲ್ಲಿಸಿದಳು, ಹಕ್ಕಿಯ ಗಂಟಲಿಂದ ಏನನ್ನೋ ಎಳೆದಳು.

"ಏನಕ್ಕಾ, ನಿನ್ನ ಕೈರುಚಿ ಬಂದಿಲ್ವಾ?"

"ರುಚಿ ನಂದಕ್ಕಿಂತ ಚೆನ್ನಾಗಿದೆ ಕಣೇ. ಆದ್ರೆ ಇದೇನು ನೋಡು."

ಕಿತ್ತಳೆ ದಾರ!

"ನೀನೇ ತಂದು ಹಾಕಿದೀಯ! ಮಗಳ ಮದುವೇಲಿ ನನ್ನ ಮಾನ ಕಳೀಬೇಕು ಅಂತ!"

"ನನ್ನ ಚೀಲದಲ್ಲೂ ಸಿಕ್ತು ತುಕು. ನಾಚಿಕೊಂಡು ಬಾಯಿ ಬಿಡಲಿಲ್ಲ. ಬಣ್ಣ ನೋಡು, ಯಾರ ಹಗ್ಗ ಇದು? ದಡದಲ್ಲಿ ಕೂತು ಸವೆದ ತುದಿ ಕತ್ತರಿಸಿ ಅಲ್ಲೇ ಬಿಸಾಕ್ತೀಯಲ್ಲ."

"ಒಂದೆಳೆ ದಾರಕ್ಕೆ ಇಷ್ಟು ರಂಪಾನಾ? ಕಡಲಲ್ಲಿ ಎಲ್ಲೆಲ್ಲಿಂದಲೋ ಪ್ಲಾಸ್ಟಿಕ್ ತೇಲಿ ಬರುತ್ತೆ."

"ಬರುತ್ತೆ, ಅದು ನಮ್ಮ ಕೈಲಿಲ್ಲ. ಇದು ಇದೆಯಲ್ಲ! ಇದು ಕೊಳೆತು ಹೋಗಲ್ಲ, ಎಳೆ ಎಳೆಯಾಗಿ ಒಡೆಯುತ್ತೆ ಅಷ್ಟೇ. ಹಕ್ಕಿ ಇದನ್ನ ಸಿಗಡಿಮರಿ ಅಂದ್ಕೊಳ್ಳುತ್ತೆ. ಇದು ಸಿಕ್ಕಿದ್ದು ಗಂಟಲ ಚೀಲದಲ್ಲಿ. ತನಗಲ್ಲ, ಮರಿಗೆ ಅಂತ ಹೊತ್ತಿತ್ತು. ಮರಿ ಹೊಟ್ಟೇಲಿ ದಾರಾನೇ ತುಂಬಿದ್ರೆ ಊಟಕ್ಕೆ ಜಾಗ ಎಲ್ಲಿ? ಮರಿ ಬೆಳೀದೇ ಇದ್ರೆ ನಿನ್ನ ಮೊಮ್ಮಗಳ ಮದುವೆಗೆ ಚೀಲಕ್ಕೆ ಏನು ತುಂಬ್ತೀಯ?"

ಬಾಯಿಗೆ ಒಯ್ದಿದ್ದ ಹಕ್ಕಿಯನ್ನು ಮದುಮಗಳು ಮೆಲ್ಲಗೆ ಕೆಳಗಿಟ್ಟಳು. ಅದನ್ನು ಕಂಡು ತುಕುಮೆ ಪಾಡ್ಲೊ ಕೈಯಿಂದ ದಾರ ಇಸಿದುಕೊಂಡು ಬೆರಳಿಗೆ ಸುತ್ತಿಕೊಂಡಳು. ಮೂಗು ಒರೆಸಿಕೊಂಡಳು.

"ಆಯ್ತು, ಇನ್ನು ಬಿಸಾಕಲ್ಲ. ಆದ್ರೆ ರುಚಿ ನಂದೇ ಚೆನ್ನಾಗಿದೆ ಅಂದ್ಯಲ್ಲ, ಎಲ್ಲರಿಗೂ ಕೇಳೋ ಹಾಗೆ ಇನ್ನೊಂದ್ಸಲ ಹೇಳು!"

ಮನೆಯೆಲ್ಲ ನಗು.

ಹಿಮ ಕರಗಿತು. ಹಕ್ಕಿಗಳು ಬರುವ ಮುಂಚೆಯೇ ತುಕುಮೆ ಗೋಣಿಚೀಲ ಹಿಡಿದು ದಡದಲ್ಲಿದ್ದಳು. ಹಗ್ಗದ ಚೂರು, ಹರಿದ ಬಲೆ, ಎಲ್ಲ ಆರಿಸುತ್ತಿದ್ದಳು. ಕಣ್ಣು ಮಾತ್ರ ಪಕ್ಕದಲ್ಲೇ ಆರಿಸುತ್ತಿದ್ದ ಪಾಡ್ಲೊ ಚೀಲದ ಮೇಲೆ, ಅವಳದು ಎಷ್ಟು ತುಂಬಿದೆ?

ಓದಿದವರೇ, ನೀವೂ ಹೊಟ್ಟೆಕಿಚ್ಚು ಪಡಿ, ಪರವಾಗಿಲ್ಲ. ಪಕ್ಕದ ಮನೆಯವರಿಗಿಂತ ಒಂದು ಹಿಡಿ ಹೆಚ್ಚೇ ಪ್ಲಾಸ್ಟಿಕ್ ಆರಿಸಿ. ಒಂದು ಚೂರೂ ಹೊಳೆಗೆ, ಕಡಲಿಗೆ ಬೀಳದಂತೆ ನೋಡಿಕೊಳ್ಳಿ. ನೀವು ಬಿಸಾಡಿದ ಎಳೆಯನ್ನು ಈಗ ಯಾವುದೋ ತಾಯಿಹಕ್ಕಿ, ಮರಿಯ ತುತ್ತು ಎಂದುಕೊಂಡು, ಗೂಡಿಗೆ ಹೊತ್ತು ಹಾರುತ್ತಿರಬಹುದು.