ತಿರುಗದ ಗುಂಡಿ

ಹಳೇ ಎಸ್‌ಎಲ್‌ಆರ್ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಅಮರೇಶ್ ಎಳೆಗೂಸನ್ನು ನೋಡುವ ಹಾಗೆ ನೋಡುತ್ತಿದ್ದ. ಕರಿಬಸವಯ್ಯನಿಗೆ ಮೈ ಉರಿಯಿತು. ಇಪ್ಪತ್ತೈದು ವರ್ಷ ಇದೇ ಡಬ್ಬವನ್ನು ಕುತ್ತಿಗೆಗೆ ನೇತುಹಾಕಿಕೊಂಡು ಮೈಸೂರಿನ ಛತ್ರಗಳನ್ನೆಲ್ಲ ಸುತ್ತಿದಾಗ ಒಬ್ಬರಾದರೂ ಹೀಗೆ ನೋಡಿದ್ದುಂಟೇ? ಡಿಜಿಟಲ್ ಬಂತು, ಚಾಮರಾಜಪುರಂನ ಸ್ಟುಡಿಯೋಗೆ ಬೀಗ ಬಿತ್ತು. ಈಗ, ಎರಡು ಸಾವಿರದ ಎಂಟನೇ ಇಸವಿಯಲ್ಲಿ, ಬ್ಯಾಂಕಿನ ಕೆಲಸದ ಈ ಮನುಷ್ಯ ಹಳೇ ಕ್ಯಾಮೆರಾ ಕೊಳ್ಳುವ ಹುಚ್ಚಿಗೆ ಒಂಟಿಕೊಪ್ಪಲಿನ ಮನೆ ಹುಡುಕಿಕೊಂಡು ಬಂದು ಕೂತಿದ್ದಾನೆ.

“ತೂಕ ನೋಡಿ ಸಾರ್! ಈಗಿನವೆಲ್ಲ ಬರೀ ಪ್ಲಾಸ್ಟಿಕ್ಕು. ಇಂಥದ್ದು ಸುಳ್ಳು ಹೇಳಲ್ಲ.”

ಕರಿಬಸವಯ್ಯ ಗೋಡೆಯ ಕಡೆ ನೋಡಿದ. ಅಲ್ಲಿ ಹೆಂಡತಿ ಸಿದ್ದಲಿಂಗಮ್ಮನ ಫೋಟೋ, ಅದಕ್ಕೊಂದು ಗಂಧದ ಹಾರ. ಐದು ವರ್ಷದ ಹಿಂದೆ ಆಕೆ ತೀರಿಕೊಂಡಾಗ, ಊರಿಗೆಲ್ಲ ಫೋಟೋ ತೆಗೆದವನ ಮನೆಯಲ್ಲಿ ಆಕೆಯದೊಂದೂ ಇರಲಿಲ್ಲ. ಮದುವೆಯ ಆಲ್ಬಂ ಗೆದ್ದಲ ಪಾಲಾಗಿತ್ತು. ವೋಟರ್ ಕಾರ್ಡಿನ ಮಸುಕು ಮುಖವನ್ನೇ ದೊಡ್ಡದು ಮಾಡಿಸಿ ಹಾಕಿದ್ದ. ನೆಂಟರೇ ಗುರುತು ಹಿಡಿಯದಂತಿತ್ತು.

ಒಂದಾದರೂ ಇರಬೇಕಿತ್ತು. ತೊಂಬತ್ತಾರನೇ ಇಸವಿ, ಸಿದ್ಧಾರ್ಥನಗರದ ಛತ್ರದಲ್ಲಿ ಆಕೆಯ ತಮ್ಮನ ಮದುವೆ. ಕರಿಬಸವಯ್ಯನದೊಂದು ಉಪಾಯವಿತ್ತು. ಒಂದು ರೀಲು ಮುಗಿದು ಇನ್ನೊಂದು ಹಾಕುವ ಮೊದಲು, ಪೀಡಿಸುವ ಮಕ್ಕಳಿಗೂ ದೂರದ ನೆಂಟರಿಗೂ ಖಾಲಿ ಕ್ಯಾಮೆರಾದಲ್ಲೇ ಫ್ಲ್ಯಾಶ್ ಹೊಡೆದುಬಿಡುವುದು. ನಂಬಿಕೆ ಬರಲೆಂದು ರೀಲು ಮುಂದೆ ಸರಿಸುವ ಲಿವರನ್ನೂ ಎಳೆಯುವುದು. ಸರಿಯಾಗಿ ಆ ಹೊತ್ತಿಗೇ ಸಿದ್ದಲಿಂಗಮ್ಮ ಹೊಸ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಬಂದು ನಿಂತಳು.

“ರೀ, ನಂದೊಂದು ತೆಗೀರಿ.”

ಮನೆಯವಳು ತಾನೇ, ಇವಳದ್ದು ಯಾವತ್ತು ಬೇಕಾದರೂ ತೆಗೆಯಬಹುದು ಅಂದುಕೊಂಡ. ಖಾಲಿ ಹೊಡೆದ. ಲಿವರ್ ಎಳೆದ. ಆಕೆ ನಕ್ಕಳು.

ವಾರ ಕಳೆದ ಮೇಲೆ ಫೋಟೋ ಎಲ್ಲಿ ಎಂದು ಕೇಳಿದಳು.

“ನೀನು ಕಣ್ಣು ಮುಚ್ಬುಟ್ಟಿದ್ದೆ ಕಣೇ, ಪ್ರಿಂಟ್ ಹಾಕ್ಸಿಲ್ಲ.”

“ಬಿಟ್ಕೊಂಡೇ ಇದ್ದೆ ಕಣ್ರೀ,” ಎಂದು ಒಳಗೆ ಹೋದಳು. ಆಮೇಲೆ ಎಷ್ಟು ಕರೆದರೂ ಇವನ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ಎಂಥ ಮೊಂಡು ಹೆಂಗಸು ಎಂದು ಇವನು ಬೈದುಕೊಂಡಿದ್ದ.

“ಸಾರ್, ಹಾಗೇ ಕೂತಿರಿ.” ಅಮರೇಶ್ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಿದ್ದ. “ರೀಲಿಲ್ಲ, ಸುಮ್ನೆ ಸದ್ದು ಕೇಳೋಕೆ. ಈ ಸದ್ದಿಗೋಸ್ಕರಾನೇ ನಮ್ಮಂಥೋರು ಊರೂರು ಅಲೀತೀವಿ.”

ಖಟಕ್. ಲಿವರ್ ಎಳೆದ. ಮತ್ತೆ ಖಟಕ್.

ಈ ಕ್ಯಾಮೆರಾದ ಎದುರಿಗೆ ಕರಿಬಸವಯ್ಯ ಕೂತದ್ದು ಜೀವಮಾನದಲ್ಲಿ ಇದೇ ಮೊದಲು. ಅದರ ತಲೆಯ ಮೇಲಿನ ಪುಟ್ಟ ಗುಂಡಿ ಇಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಒಳಗೆ ರೀಲಿದ್ದರೆ ಲಿವರ್ ಎಳೆದಾಗಲೆಲ್ಲ ಅದು ತಿರುಗಬೇಕು. ತಿರುಗಲಿಲ್ಲ.

ಮದುವೆಯಾದ ಹೊಸತರಲ್ಲಿ ಸಿದ್ದಲಿಂಗಮ್ಮನಿಗೆ ರೀಲು ಹಾಕುವುದನ್ನು ಕಲಿಸಿದವನು ಇವನೇ. “ಈ ಗುಂಡಿ ಮೇಲೆ ಕಣ್ಣಿಟ್ಟಿರು. ತಿರುಗ್ಲಿಲ್ಲ ಅಂದ್ರೆ ಒಳಗೆ ಏನೂ ಇಲ್ಲ ಅಂತ ತಿಳ್ಕೋ,” ಅಂದಿದ್ದ. ಆಮೇಲೆ ಎಷ್ಟೋ ವರ್ಷ ಇವನ ರೀಲುಗಳನ್ನೆಲ್ಲ ಆಕೆಯೇ ಹಾಕಿಕೊಟ್ಟಿದ್ದಳು.

ಅವಳಿಗೆ ಆವತ್ತೇ ಗೊತ್ತಾಗಿತ್ತು. ಗಂಡ ಒಂದು ಸಲ ಬಾಯಿಬಿಟ್ಟು ನಿಜ ಹೇಳಲಿ ಎಂದೇ ಫೋಟೋ ಕೇಳಿದ್ದಳು. ಇವನು ತಪ್ಪನ್ನು ಆಕೆಯ ಕಣ್ಣಿನ ಮೇಲೆ ಹಾಕಿದ್ದ. ಥೂ, ಇದೂ ಒಂದು ಬಾಳೇ ಎನ್ನಿಸಿತು ಅವನಿಗೆ.

“ಕೊಡ್ತೀರಾ ಸಾರ್?”

“ತಗೊಂಡೋಗಿ.”

ಅಮರೇಶ್ ಖುಷಿಗೆ ಇನ್ನೊಂದು ಸಲ ಲಿವರ್ ಎಳೆದ. ಕರಿಬಸವಯ್ಯ ಕಣ್ಣು ಮುಚ್ಚಿಕೊಂಡ.