ಚಾದರಣ್ಣನ ಅಕ್ಕ

ನನ್ನ ತಮ್ಮ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸದಲ್ಲಿದ್ದ. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಎಷ್ಟು ತಡ, ಯಾರ ಮಗು ತಪ್ಪಿಸಿಕೊಂಡು ಸ್ಟೇಷನ್ ಮಾಸ್ಟರ್ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತ ಕೂತಿದೆ, ಎಲ್ಲವನ್ನೂ ಊರಿಗೆ ಹೇಳುತ್ತಿದ್ದವನು ಅವನೇ. ಮದುವೆಯ ಮಾತೆತ್ತಿದರೆ "ಈಗ ಗಾಡಿ ಬರೋ ಹೊತ್ತು" ಎಂದು ಎದ್ದುಬಿಡುತ್ತಿದ್ದ. ಹಾಗೆ ಏಳುತ್ತ ಏಳುತ್ತಲೇ ಅರವತ್ತು ದಾಟಿತು. ನಿವೃತ್ತನಾದ ಮರುವರ್ಷ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಜೀವ ಉಳಿಸುವುದಕ್ಕಾಗಿ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು.

ಈಗ ಅವನು ಉಸಿರಾಡುವುದು ಕುತ್ತಿಗೆಯ ಬುಡದಲ್ಲಿರುವ ತೂತಿನಿಂದ. ಅದರ ಮೇಲೆ ತೆಳುವಾದ ಬಿಳಿ ಬಟ್ಟೆಯೊಂದು ಇಳಿಬಿದ್ದಿರುತ್ತದೆ. ಮೂಗಿಗೆ ಗಾಳಿ ಹೋಗದೆ ವಾಸನೆ ತಿಳಿಯುವುದಿಲ್ಲ. ಬಾಯಿಯಿಂದ ಗಾಳಿ ಬಾರದೆ ಬಿಸಿ ಚಹಾವನ್ನು ಊದಿಕೊಳ್ಳಲೂ ಆಗುವುದಿಲ್ಲ. ಅವನನ್ನು ನೋಡಿಕೊಳ್ಳಲು ಹೋದ ಮೊದಲ ದಿನ ನನಗೆ ದುಃಖ ಒತ್ತಿಬಂದದ್ದು ಆ ತೂತನ್ನು ನೋಡಿ ಅಲ್ಲ. ಅಭ್ಯಾಸಬಲದಿಂದ ತುಟಿ ಚೂಪು ಮಾಡಿ ಚಹಾದ ಮುಂದೆ ಸುಮ್ಮನೆ ಕೂತಿದ್ದನಲ್ಲ, ಅದನ್ನು ನೋಡಿ. ಆಮೇಲೆ ನಾನು ಎರಡು ಲೋಟ ಹಿಡಿದು ಎತ್ತರದಿಂದ ಸುರಿದು ಆರಿಸಿಕೊಡುವುದನ್ನು ರೂಢಿ ಮಾಡಿಕೊಂಡೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು. ಅವಳು ಅವನಿಗೊಂದು ಯಂತ್ರ ಕೊಟ್ಟಿದ್ದಳು, ಗಿಡ್ಡ ಟಾರ್ಚಿನಂಥದ್ದು. ಅದನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ. ಆಗ ತುಟಿ ನಾಲಿಗೆ ಆಡಿಸಿದರೆ ಆ ಗುಂಯ್ ಮಾತಾಗುತ್ತದೆ. ಡಬ್ಬಿಯೊಳಗೆ ಸಿಕ್ಕಿಕೊಂಡ ಜೇನುನೊಣ ಮಾತಾಡಿದ ಹಾಗೆ. ತಮ್ಮ ಅದನ್ನು ಒಂದೇ ಒಂದು ಸಲ ಒತ್ತಿ, ತನ್ನ ಹೆಸರು ಹೇಳಿ, ಕೇಳಿಸಿಕೊಂಡು, ಕೆಳಗಿಟ್ಟನಂತೆ. ಮನೆಗೆ ಬಂದ ಮೇಲೆ ಕಾಲುಚೀಲಗಳ ಡ್ರಾಯರಿನಲ್ಲಿ ಎಲ್ಲಕ್ಕಿಂತ ಹಿಂದೆ ಸರಿಸಿದ್ದ.

ಆ ಹುಡುಗಿ ನನ್ನನ್ನು ಆಸ್ಪತ್ರೆಯ ಮೆಟ್ಟಿಲ ಹತ್ತಿರ ತಡೆದು, "ಅಮ್ಮಾ, ಈಗ ಶುರು ಮಾಡದೆ ಇದ್ದವರು ಆಮೇಲೆ ಶುರು ಮಾಡೋದಿಲ್ಲ. ನಾನು ತುಂಬ ಜನರನ್ನ ನೋಡಿದೀನಿ. ಅವರು ಒಬ್ಬರೇ ಇರೋರು. ಗ್ಯಾಸ್ ಸೋರಿದ್ರೆ ವಾಸನೆ ಗೊತ್ತಾಗಲ್ಲ, ಬಿದ್ರೆ ಕೂಗೋಕಾಗಲ್ಲ. ಫೋನ್ ಮಾಡಿ ಏನಂತಾರೆ?" ಎಂದಿದ್ದಳು. ಅಷ್ಟು ಹೇಳಿ ನನ್ನ ಸೆರಗಿನ ಮೇಲೆ ಬಿದ್ದಿದ್ದ ಹತ್ತಿಯ ಎಳೆಯೊಂದನ್ನು ತೆಗೆದು ಹೋದಳು.

ನನಗೂ ಹೆಚ್ಚು ದಿನ ಇರುವಂತಿರಲಿಲ್ಲ. ನನ್ನ ಊರಿನಲ್ಲಿ ಕಣ್ಣಿನ ಪೊರೆ ತೆಗೆಯಲು ದಿನ ಗೊತ್ತಾಗಿತ್ತು, ಎರಡು ಸಲ ಮುಂದೆ ಹಾಕಿಯೂ ಆಗಿತ್ತು. ಅಷ್ಟರೊಳಗೆ ಅವನ ಬಾಯಿಂದ ನಾಲ್ಕು ಮಾತು ಹೊರಡಿಸಬೇಕೆಂದು ಹಟ ತೊಟ್ಟೆ. ಅವನದೂ ಹಟವೇ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ. ಹೌದು ಎನ್ನಲು ಮೇಜಿನ ಮೇಲೆ ಒಂದು ಬಡಿತ, ಅಲ್ಲ ಎನ್ನಲು ಎರಡು. ಹೆಚ್ಚಿನದು ಬೇಕಾದರೆ ಫೋನಿನಲ್ಲಿ ಒತ್ತಿ ತೋರಿಸುತ್ತಿದ್ದ. ಯಂತ್ರದ ಸುದ್ದಿ ತೆಗೆದರೆ ಎರಡು ಬಡಿತ. ರಮಿಸಿದರೂ ಎರಡು, ಗದರಿದರೂ ಎರಡು. ಕಲ್ಲಾದರೂ ಕರಗೀತು ಎಂದುಕೊಂಡೆ.

ಅವನ ಮನೆಯೆಂದರೆ ಹೊಲಿಗೆ ಯಂತ್ರ ರಿಪೇರಿಯ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿಗೆ ಬಂದು ಹೋಗುತ್ತಿದ್ದವನು ಕ್ಷೌರಿಕನೊಬ್ಬನೇ. ತೂತಿನ ಸುತ್ತ ಗಡ್ಡ ಕೆರೆಯುವುದು ನಾಜೂಕಿನ ಕೆಲಸ. ನೊರೆ ಒಳಗೆ ಹೋಗಬಾರದು, ಕೂದಲೂ ಬೀಳಬಾರದು. ಅವನು ಒದ್ದೆ ಬಟ್ಟೆಯನ್ನು ಸುರುಳಿ ಸುತ್ತಿ ತೂತಿಗೊಂದು ಕಟ್ಟೆ ಕಟ್ಟುತ್ತಿದ್ದ. ಕತ್ತಿ ಕುತ್ತಿಗೆಗೆ ಬಂದಾಗ ತಾನೂ ಉಸಿರು ಹಿಡಿಯುತ್ತಿದ್ದ. ಸ್ವಭಾವದಲ್ಲಿ ಬಾಯಾಳಿ. ಆದರೆ ನಾನು ಗಮನಿಸಿದ್ದೆ, ತಮ್ಮನನ್ನು ಅವನು ಕೇಳುತ್ತಿದ್ದದ್ದೆಲ್ಲ ಒಂದು ಬಡಿತದಲ್ಲೋ ಎರಡರಲ್ಲೋ ಮುಗಿಯುವ ಪ್ರಶ್ನೆಗಳನ್ನೇ. ಉದ್ದದ ಮಾತುಗಳನ್ನು ನನ್ನ ಕಡೆ ತಿರುಗಿ ಆಡುತ್ತಿದ್ದ.

"ಸ್ಟೇಷನ್ನಲ್ಲಿ ಈಗ ಯಂತ್ರದಮ್ಮ ಬಂದವ್ಳೆ, ಗೊತ್ತಾಮ್ಮ? ಹೆಂಗಸಿನ ದನಿ, ಮೊದಲೇ ತುಂಬಿಸಿಟ್ಟದ್ದು. ಗಾಡಿ ತಡ ಆದ್ರೆ ವಿಷಾದಿಸ್ತೀವಿ ಅಂತಾಳೆ. ಆದ್ರೆ ಅವಳಿಗೆ ವಿಷಾದ ಇಲ್ಲ ಬಿಡಿ, ಕೇಳಿದ್ರೆ ಗೊತ್ತಾಗುತ್ತೆ. ನಮ್ಮ ಸಾರು ವಿಷಾದಿಸ್ತೀವಿ ಅಂದ್ರೆ, ಪಾಪ ಇವರೇನು ಮಾಡ್ತಾರೆ ಅಂತ ನಮಗೇ ಅಯ್ಯೋ ಅನ್ನಿಸ್ತಿತ್ತು. ಹೌದೋ ಅಲ್ವೋ ಸಾರ್?"

ತಮ್ಮ ಒಂದು ಸಲ ಬಡಿದ. ನಗಲಿಲ್ಲ.

"ಇವನ ದನಿ ಯಾರಾದ್ರೂ ತುಂಬಿಸಿ ಇಟ್ಟಿದಾರಾ?" ಎಂದು ನಾನು ಕೇಳಿದೆ.

"ಎಲ್ಲಮ್ಮ, ದಿನಾ ಬಿಸಿಬಿಸಿ ಬಡಿಸ್ತಿದ್ದಾಗ ಯಾರು ಕಟ್ಟಿಟ್ಕೋತಾರೆ," ಎಂದು ಅವನು ಕತ್ತಿ ಒರೆಸಿಕೊಂಡ.

ಒಂದು ಮಧ್ಯಾಹ್ನ ನಾನು ಕಿಟಕಿಯ ಬಳಿ ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ತಮ್ಮ ಬಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ. ಪೊರೆ ಬಂದ ಕಣ್ಣಿಗೆ ಮೊದಲು ಬಣ್ಣಗಳಷ್ಟೇ ಕಂಡವು. ಆಮೇಲೆ ಹಸಿರು ಚಡ್ಡಿ ಕಂಡಿತು, ಹಿಂದೆ ಪಟಪಟ ಹಾರುವ ಹಳದಿ ಬಟ್ಟೆ ಕಂಡಿತು.

"ಅಯ್ಯೋ, ಚಾದರಣ್ಣ!" ಎಂದೆ.

ಒಂದು ಬಡಿತ, ನನ್ನ ಭುಜದ ಮೇಲೆಯೇ.

ಚಾದರಣ್ಣನ ಕಾಲಕ್ಕೆ ನಾನು ಕಾಲೇಜಿನಲ್ಲಿದ್ದೆ, ತಮ್ಮನಿಗೆ ಎಂಟೊಂಬತ್ತು ವರ್ಷ. ಅಮ್ಮನಿಗೆ ನೂಲಿನ ಗಿರಣಿಯಲ್ಲಿ ಸಂಜೆಯ ಪಾಳಿ. ನಮ್ಮ ಮನೆಗೂ ಎದುರಿನ ಹಲ್ಲಿನ ಡಾಕ್ಟರ ಮನೆಗೂ ನಡುವೆ ಕೈಗಾಡಿ ಹೋಗುವಷ್ಟೇ ಅಗಲದ ಓಣಿ. ಅವರ ಮನೆಗೆ ಟೀವಿ ಬಂತು. ನಮ್ಮ ಕಿಟಕಿಯಿಂದ ಅವರ ಗಾಜಿನಾಚೆ ಚಿತ್ರವೆಲ್ಲ ಕಾಣುತ್ತಿತ್ತು, ಶಬ್ದ ಮಾತ್ರ ಒಂದಿಷ್ಟೂ ಬರುತ್ತಿರಲಿಲ್ಲ. ವಾರಕ್ಕೊಂದು ಸಂಜೆ ಈ ಕಾರ್ಟೂನು. ಒಬ್ಬ ವೀರ ಹಾರುತ್ತಾನೆ, ಗೋಡೆ ಒಡೆಯುತ್ತಾನೆ, ಬಾಯಿ ಆಡಿಸುತ್ತಾನೆ. "ಏನಂತಾನೆ ಅಕ್ಕ, ಏನಂತಾನೆ?" ಎಂದು ತಮ್ಮ ನನ್ನ ಪುಸ್ತಕ ಕಿತ್ತುಕೊಳ್ಳುತ್ತಿದ್ದ. ಪರೀಕ್ಷೆಗೆ ಓದುವುದು ಬಿಟ್ಟು ನಾನು ಆ ಬಾಯಿಗಳಿಗೆಲ್ಲ ಮಾತು ತುಂಬಿದೆ. ಬೆನ್ನಿಗೆ ಚಾದರ ಕಟ್ಟಿಕೊಂಡವನಿಗೆ ಚಾದರಣ್ಣ ಎಂದು ಹೆಸರಿಟ್ಟೆ. ಎಲ್ಲ ಕಂತಿನಲ್ಲೂ ಮುಖವಾಡ ಹಾಕಿದ ಒಬ್ಬಾಕೆ ಅವನ ಹಿಂದೆಯೇ ಮನೆಗಳ ಮಾಡಿನಿಂದ ಮಾಡಿಗೆ ಜಿಗಿಯುತ್ತಿದ್ದಳು. ಹಾಗೆ ಬೆನ್ನು ಬಿಡದೆ ಬರುವವಳು ಇನ್ನಾರು? ಅವನ ಅಕ್ಕ ಎಂದೆ. ಚಿಕ್ಕಂದಿನಲ್ಲಿ ಬೇರೆಯಾದವಳು, ತಾನು ಯಾರೆಂದು ಹೇಳದೆ ತಮ್ಮನನ್ನು ಕಾಯುವವಳು.

ಕೆಲವು ವಾರಗಳ ಮೇಲೆ ಎದುರುಮನೆಯ ಟೀವಿ ನಮ್ಮ ಕಿಟಕಿಯತ್ತ ಸ್ವಲ್ಪ ತಿರುಗಿತ್ತು. ಆ ಹೊತ್ತಿಗೆ ಡಾಕ್ಟರ ಹೆಂಡತಿ ಪರದೆ ಎಳೆಯುತ್ತಲೂ ಇರಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಕೆ ಎಲ್ಲಿದ್ದರೂ ತಣ್ಣಗಿರಲಿ.

"ಹೆಸರೇ ಗೊತ್ತಿಲ್ಲದ್ದನ್ನ ಹ್ಯಾಗೆ ಹುಡುಕಿದೆಯೋ?" ಎಂದು ಕೇಳಿದೆ.

ಅವನು ಒತ್ತಿ ತೋರಿಸಿದ. "ಆಸ್ಪತ್ರೆಯಿಂದ ಬಂದಾಗಿಂದ ಹುಡುಕ್ತಾ ಇದ್ದೆ. ಹಸಿರು ಚಡ್ಡಿ ಹಳದಿ ಬಟ್ಟೆ ಅಂತ ಹಾಕಿದೆ. ಚಡ್ಡಿ ಮಾರೋರೇ ಬಂದ್ರು."

ನಾನು ನಕ್ಕೆ. ಅವನ ಹೆಗಲು ಸ್ವಲ್ಪ ಅಲುಗಿತು. ಆಮೇಲೆ ಶಬ್ದ ಹೆಚ್ಚಿಸಿದ. ಐವತ್ತು ವರ್ಷದಲ್ಲಿ ಮೊದಲ ಸಲ ಚಾದರಣ್ಣ ಬಾಯಿ ಬಿಟ್ಟು ಮಾತಾಡಿದ. ದಪ್ಪ ದನಿ, ಸಾಲ ವಸೂಲಿಗೆ ಬಂದವನಂಥದ್ದು. ಹೆಸರೂ ಬೇರೆ, ಉದ್ದನೆಯದು. ಮುಖವಾಡದವಳು ಮಾಡಿನ ಮೇಲೆ ನಿಂತು ನಕ್ಕಳು. ಇವನನ್ನು ಇವತ್ತು ಮುಗಿಸಿಬಿಡುತ್ತೇನೆ ಎಂದಳು. ಕಾಯಲು ಅಲ್ಲ, ಕೊಲ್ಲಲು ಹಿಂದೆ ಬಿದ್ದವಳು. ಮೊದಲಿನಿಂದಲೂ ಅಷ್ಟೇ.

ನನಗೆ ನಗು ತಡೆಯಲಿಲ್ಲ. "ನೋಡೋ, ಎಂಥಾ ಹೆಣ್ಣಿಗೆ ನಿನ್ನಿಂದ ಅಕ್ಕ ಅನ್ನಿಸಿದೆ ನಾನು," ಎಂದು ಅವನ ಕಡೆ ತಿರುಗಿದೆ. ಅವನು ನಗುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ, ಊರಿಗೆ ಹೋದಾಗ ಮನೆಯಿದ್ದ ಜಾಗದಲ್ಲಿ ಮನೆ ಕಾಣದವನ ಹಾಗೆ. ಆಮೇಲೆ ಹೆಬ್ಬೆರಳಿನಿಂದ ಶಬ್ದವನ್ನು ಪೂರ್ತಿ ಇಳಿಸಿ, ನನ್ನ ಮಣಿಕಟ್ಟಿನ ಮೇಲೆ ಒಮ್ಮೆ ಬಡಿದ. ನೀನು ಹೇಳು.

ಅಂದಿನಿಂದ ದಿನವೂ ಸಂಜೆ ಅದೇ ನಮ್ಮ ಕೆಲಸವಾಯಿತು. ಪರದೆಯ ಮೇಲೆ ಬಾಯಿಗಳು ಆಡುತ್ತಿದ್ದವು, ನಾನು ಮಾತು ಹಾಕುತ್ತಿದ್ದೆ. ಒಮ್ಮೊಮ್ಮೆ ತಮ್ಮನ ತುಟಿಗಳೂ ಆಡುವುದು ಕಾಣುತ್ತಿತ್ತು. ಎರಡು ಕೋಣೆಯ ಆ ಮನೆಯಲ್ಲಿ ಒಬ್ಬಳು ಮುದುಕಿಯ ದನಿ ಮಾತ್ರ, ಗಂಡಾಗಿ, ಹೆಣ್ಣಾಗಿ, ಕಬ್ಬಿಣದ ರಾಕ್ಷಸನಾಗಿ ಓಡಾಡುತ್ತಿತ್ತು. ಕೆಳಗಿನ ಅಂಗಡಿಯವರು ಏನೆಂದುಕೊಂಡರೋ. ಅವನು ಮೊದಲಿಗಿಂತ ಹೆಚ್ಚು ಊಟ ಮಾಡಿದ. ಅಷ್ಟೇ. ಡ್ರಾಯರು ಮುಚ್ಚಿಯೇ ಇತ್ತು, ನಾನು ಹೊರಡುವ ದಿನ ಹತ್ತಿರ ಬಂತು.

ಹೊರಡುವ ಹಿಂದಿನ ಸಂಜೆ ನಾವು ಸೇತುವೆಯ ಕಂತಿಗೆ ಬಂದೆವು. ಮುಖವಾಡದವಳು ಸೇತುವೆಯ ಕಂಬಿಗೆ ಜೋತುಬಿದ್ದು, ಮೇಲೆ ನೋಡಿ ಏನೋ ಹೇಳಿ, ಕೈ ಬಿಟ್ಟು ಕೆಳಗೆ ಬೀಳುತ್ತಾಳೆ. ಅದರ ಮುಂದಿನ ಕಂತುಗಳಲ್ಲಿ ಅವಳಿಲ್ಲ.

"ಚಾದರಣ್ಣಾ, ನಾನು ಹೋಗ್ತೀನಪ್ಪಾ, ಹುಷಾರು," ಎಂದೆ.

ಎರಡು ಬಡಿತ. ಚಿತ್ರವನ್ನು ಹಿಂದಕ್ಕೆ ಎಳೆದ. ಅವಳು ಮತ್ತೆ ಜೋತುಬಿದ್ದಳು.

"ನನ್ನ ಮರೀಬೇಡ ಕಣೋ."

ಎರಡು ಬಡಿತ.

"ನಾನು ನಿನ್ನ ಸ್ವಂತ ಅಕ್ಕ, ಇವತ್ತು ಹೇಳ್ತಾ ಇದೀನಿ."

ಎರಡು. ಮೇಜಿನ ಮೇಲಿದ್ದ ಲೋಟ ಹಾರಿತು. ಅವನ ಮುಖ ಕೆಂಪಾಗಿತ್ತು, ಕುತ್ತಿಗೆಯ ಬಟ್ಟೆ ಬೇಗಬೇಗ ಎದ್ದು ಬೀಳುತ್ತಿತ್ತು. ಫೋನಿನಲ್ಲಿ ಒತ್ತಿ ತೋರಿಸಬಹುದಿತ್ತು. ತೋರಿಸಲಿಲ್ಲ, ನಾನೇ ಹೇಳಬೇಕಾಗಿತ್ತು ಅವನಿಗೆ. ಅವಳು ನಾಲ್ಕನೆಯ ಸಲ ಬಿದ್ದಾಗ ನನಗೂ ರೇಗಿತು.

"ಐವತ್ತು ವರ್ಷದ ಹಿಂದೆ ಏನು ಒದರಿದ್ದೆನೋ, ನೆನಪಿಟ್ಕೊಳ್ಳೋಕೆ ನಾನೇನು ದೇವರಾ? ಗೊತ್ತಿದ್ರೆ ನೀನೇ ಹೇಳು. ನನ್ನ ಪ್ರಾಣ ತಿನ್ಬೇಡ."

ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದೆ. ಬಾಯಿಂದ ಬಿದ್ದ ಮಾತಿಗೆ ನಾಲಿಗೆ ಕಚ್ಚಿಕೊಂಡೆ. ನೀನೇ ಹೇಳು ಎನ್ನಬಹುದೇ ಯಾರಾದರೂ ಅಂಥವನಿಗೆ? ಹಿಂದೆ ಕುರ್ಚಿ ಸರಿದ ಸದ್ದಾಯಿತು. ಒಳಕೋಣೆಗೆ ಹೋದ, ಸಿಟ್ಟಿನಿಂದ ಮಲಗಿದ ಎಂದುಕೊಂಡೆ. ಆಮೇಲೆ ನನ್ನ ಬೆನ್ನ ಹಿಂದೆಯೇ ಗುಂಯ್ ಎಂದಿತು. ತಪ್ಪಿತು, ನಿಂತಿತು, ಮತ್ತೆ ಗುಂಯ್ ಎಂದಿತು.

"ಕೀಲಿ. ನನ್ನ ಹತ್ರಾನೇ ಇದೆ. ನೀನು ಊಟ ಮಾಡಿ ಮಲಗು. ನಾನು ಕೆಳಗಿನ ದಾರೀಲಿ ಬರ್ತೀನಿ."

ಏರಿಳಿತವಿಲ್ಲದ ದನಿ, ಒಂದೇ ತಂತಿಯದು. ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಗಾಡಿಗಳ ಹೆಸರು ಹೇಳುತ್ತಿದ್ದಾಗಿನಷ್ಟೇ ಸ್ಪಷ್ಟವಾಗಿತ್ತು.

ಆಗ ನನಗೆ ಮೆಲ್ಲಗೆ ನೆನಪಾಯಿತು. ಅವಳು ಬಿದ್ದದ್ದನ್ನು ನೋಡಿ ಹುಡುಗ ಕಿಟಕಿಯ ಕಂಬಿ ಹಿಡಿದು ಅಳತೊಡಗಿದ್ದ. ಬೇರೆ ಊರಿನ ಹವಾಮಾನ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿ, ನಾನು ಪೆಟ್ಟಿಗೆ ಕಟ್ಟುತ್ತಿದ್ದ ವಾರ ಅದು. ಅಳು ನಿಲ್ಲಿಸಲು ಬಾಯಿಗೆ ಬಂದದ್ದನ್ನೇ ಅವಳ ಮಾತೆಂದು ಹೇಳಿದ್ದೆ. ಮನೆಯ ಬೀಗದ ಕೈ ಹಿಡಿದುಕೊಂಡು ಹೋದವಳು ಬಾರದೆ ಇರುತ್ತಾಳೆಯೇ ಎಂದು. ನಾನು ಬಂದು ಹೋಗುತ್ತಿದ್ದೆನೇ ಹೊರತು, ಆ ಮನೆಗೆ ಇರಲು ಮತ್ತೆ ಬರಲಿಲ್ಲ.

ತಿರುಗಿದರೆ ನಾಚಿಕೊಂಡಾನು ಎಂದು ತಿರುಗಲಿಲ್ಲ. ಒರೆಸಿದ ತಟ್ಟೆಯನ್ನೇ ಒರೆಸುತ್ತ, "ಏನಂದೆ? ಕೇಳಿಸ್ಲಿಲ್ಲ," ಎಂದೆ.

"ಕಿವೀನೂ ಹೋಯ್ತಾ ನಿಂಗೆ?" ಎಂದಿತು ಜೇನುನೊಣ.

ಮರುದಿನ ಬೆಳಿಗ್ಗೆ ಕ್ಷೌರಿಕ ಬಂದಾಗ ತಮ್ಮ ಯಂತ್ರ ಹೊರಗೆ ತೆಗೆಯಲಿಲ್ಲ. ಬಡಿತದಲ್ಲೇ ಮಾತು ಮುಗಿಸಿದ. ಕ್ಷೌರಿಕ ನನ್ನ ಚೀಲವನ್ನು ಬಸ್ಸಿನವರೆಗೆ ಹೊತ್ತು ತಂದು, "ನೀವು ಯೋಚನೆ ಮಾಡ್ಬೇಡಿ, ಗಡ್ಡ ಇಲ್ದಿದ್ರೂ ಬಂದು ನೋಡ್ಕೊಂಡು ಹೋಗ್ತೀನಿ," ಎಂದ. ಬಸ್ಸು ತಿರುಗುವಾಗ ಅವನ ಮನೆಯ ಕಿಟಕಿಯಲ್ಲಿ ಬಿಳಿ ಬಟ್ಟೆಯೊಂದು ಕಂಡಂತಾಯಿತು. ನನ್ನ ಕಣ್ಣನ್ನು ನಂಬುವಂತಿರಲಿಲ್ಲ.

ಈಗ ಪೊರೆ ತೆಗೆದು ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಓದುವಂತಿಲ್ಲ, ನೋಡುವಂತಿಲ್ಲ. ನನ್ನ ಮನೆಯಲ್ಲೂ ಸದ್ದು ಮಾಡುವವಳು ನಾನೊಬ್ಬಳೇ. ನಿನ್ನೆ ಸಂಜೆ, ಬೆರಳಿನ ಅಂದಾಜಿನ ಮೇಲೆ, ಅವನಿಗೆ ಫೋನ್ ಮಾಡಿದೆ. ಎತ್ತಿದ. ಎಲ್ಲೋ ತಡಕಾಡಿದ ಸದ್ದು, ಏನೋ ಬಿದ್ದ ಸದ್ದು. ಆಮೇಲೆ ಗುಂಯ್.

"ಹೇಳು."

"ಊಟ ಆಯ್ತಾ?"

"ಆಯ್ತು."

"ಏನು ಮಾಡ್ಕೊಂಡೆ?"

"ಸೂಪು."

"ಉಪ್ಪು ಸರಿ ಇತ್ತಾ?"

"ಜಾಸ್ತಿ."

ಅದು ನನ್ನ ತಮ್ಮನ ದನಿಯಲ್ಲ. ಅವನ ದನಿ ಇನ್ನು ಯಾವ ಊರಲ್ಲೂ ಇಲ್ಲ. ಆದರೆ ಉಪ್ಪು ಜಾಸ್ತಿ ಎಂದವನು ಅವನೇ. ಮಾತು ಅಲ್ಲಿಗೆ ಮುಗಿದಿತ್ತು. ಅವನ ಓಣಿಯಲ್ಲಿ ಯಾವುದೋ ಗಾಡಿ ಹೋದದ್ದು ಕೇಳಿಸಿತು. ಇಬ್ಬರೂ ಫೋನು ಇಡಲಿಲ್ಲ.